ಸಂಘಕ್ಕೆ ವಿಮೆ ಯಾಕೆ ಬೇಕು?

(ರೈತ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ವಿಮೆ ಅಂದ ತಕ್ಷಣ ನಿಮಗೆ ಬೆಳೆವಿಮೆ ನೆನಪಾಗ್ತದೆ. ಕಂತು ಕಟ್ಟಿದ್ದು, ಮಳೆ ಕೈಕೊಟ್ಟಿದ್ದು, ಪರಿಹಾರಕ್ಕೆ ಬ್ಯಾಂಕಿಗೂ ಕೃಷಿ ಇಲಾಖೆಗೂ ಅಲೆದಾಡಿದ್ದು, ಎಲ್ಲಾ ನೆನಪಾಗ್ತದೆ. ಇವತ್ತು ನಾನು ಆ ವಿಮೆಯ ವಿಷಯ ಮಾತಾಡೋದಿಲ್ಲ. ಇನ್ನೊಂದು ವಿಮೆಯ ವಿಷಯ ಹೇಳ್ತೀನಿ. ನಿಮ್ಮ ಬೆಳೆಗಲ್ಲ, ನಿಮ್ಮ ಎತ್ತಿಗಲ್ಲ, ನಿಮ್ಮ ಸಂಘಕ್ಕೆ ಬೇಕಾದ ವಿಮೆ ಅದು.

ಸಂಘಕ್ಕೆ ಯಾತರ ವಿಮೆ, ಸಂಘವೇನು ಅಂಗಡಿಯೇ, ಕಾರ್ಖಾನೆಯೇ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾವು ಲಾಭಕ್ಕೆ ಕೂಡಿದವರಲ್ಲ. ನ್ಯಾಯವಾದ ಬೆಲೆ ಕೇಳೋದಕ್ಕೆ, ಸಾಲದ ಜಪ್ತಿ ತಡೆಯೋದಕ್ಕೆ ಕೂಡಿದವರು. ನಮ್ಮ ಹತ್ತಿರ ಇರೋದು ಒಂದು ಬಾವುಟ, ಒಂದು ರಸೀದಿ ಪುಸ್ತಕ, ಬಾಡಿಗೆಯ ಒಂದು ಕೋಣೆ. ಇಂಥವರ ಮೇಲೆ ದಾವೆ ಹಾಕಿ ಯಾರಿಗೆ ಏನು ಸಿಕ್ಕೀತು?

ಇಲ್ಲೇ ನಾವು ಎಡವೋದು. ದಾವೆ ಹಾಕುವವನು ಸಂಘದ ಬಾವುಟ ನೋಡಿ ಹಾಕೋದಿಲ್ಲ. ಸಂಘದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಇವರ ಪಹಣಿ ನೋಡಿ ಹಾಕ್ತಾನೆ. ಸಂಘ ನೋಂದಣಿಯೇ ಆಗಿಲ್ಲದಿದ್ದರೆ ಕಾನೂನಿನ ಕಣ್ಣಿಗೆ ಅಂಥ ಸಂಘ ಒಬ್ಬ ವ್ಯಕ್ತಿಯೇ ಅಲ್ಲ. ಅದರ ಹೆಸರಲ್ಲಿ ಆಸ್ತಿ ಇರುವಂತಿಲ್ಲ, ಪಾಲಿಸಿ ಇರುವಂತಿಲ್ಲ. ಆಗ ಹೊಣೆ ನೇರವಾಗಿ ಮನುಷ್ಯರ ತಲೆಗೆ ಬರ್ತದೆ. ಡಿಕ್ರಿ ಆದರೆ ಜಪ್ತಿ ಆಗೋದು ಯಾವುದು? ಕಾರ್ಯದರ್ಶಿಯ ಮೂರು ಎಕರೆ ಜಮೀನು. ಬ್ಯಾಂಕಿನ ಸಾಲದಿಂದ ಉಳಿಸಿಕೊಂಡ ಜಮೀನು ಕೋರ್ಟಿನ ಡಿಕ್ರಿಗೆ ಹೋದರೆ, ನಾವು ಕಟ್ಟಿದ ಚಳುವಳಿಗೆ ಏನು ಅರ್ಥ ಉಳೀತು?

ಇದೇನು ಹೆದರಿಸೋ ಮಾತಲ್ಲ. 2019ರಲ್ಲಿ ಗುಜರಾತಿನ ಸಾಬರಕಾಂಠಾದ ನಾಲ್ಕು ಜನ ಆಲೂಗೆಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೋ ಕಂಪನಿ ದಾವೆ ಹಾಕಿತು. ತನ್ನ ಹಕ್ಕಿನ ತಳಿ ಬೆಳೆದರು ಅಂತ ಆರೋಪ. ಕೇಳಿದ ಪರಿಹಾರ ಒಬ್ಬೊಬ್ಬರಿಂದ ಒಂದು ಕೋಟಿ ರೂಪಾಯಿಗೂ ಮೇಲೆ. ದೇಶದ ರೈತ ಸಂಘಟನೆಗಳು ಎದ್ದು ನಿಂತ ಮೇಲೆ ಆ ವರ್ಷದ ಮೇ ತಿಂಗಳಲ್ಲಿ ಕಂಪನಿ ದಾವೆ ವಾಪಸ್ ತೆಗೆದುಕೊಂಡಿತು. ಆದರೆ ದಾವೆ ಅನ್ನೋದು ಒಂದು ಆಯುಧ ಅನ್ನೋದು ಎಲ್ಲರಿಗೂ ಗೊತ್ತಾಯಿತು. ಗೆಲ್ಲಲೇಬೇಕು ಅಂತೇನಿಲ್ಲ. ಎದುರಾಳಿಯನ್ನು ಐದು ವರ್ಷ ಕೋರ್ಟಿನ ಕಟ್ಟೆ ಹತ್ತಿಸಿ ಇಳಿಸಿದರೆ ಸಾಕು, ಅವನ ಸೊಂಟ ಮುರೀತದೆ.

ಮೊದಲು ವಿಮೆ ಅಂದರೇನು ಅನ್ನೋದನ್ನು ಸರಿಯಾಗಿ ತಿಳಿದುಕೊಳ್ಳೋಣ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಇವತ್ತು ನನ್ನ ಹೊಲದ ನಾಟಿಗೆ ನೀವು ಬಂದರೆ ನಾಳೆ ನಿಮ್ಮ ಹೊಲಕ್ಕೆ ನಾನು. ಒಬ್ಬನ ಭಾರ ಹತ್ತು ಜನ ಹೊರೋದು. ವಿಮೆಯ ಬೇರು ಕೂಡ ಇದೇ. ಸಾವಿರ ಜನ ಸ್ವಲ್ಪ ಸ್ವಲ್ಪ ಹಣ ಒಂದು ಕಡೆ ಹಾಕ್ತಾರೆ. ಆ ಸಾವಿರದಲ್ಲಿ ಇಬ್ಬರಿಗೋ ಮೂವರಿಗೋ ಪೆಟ್ಟು ಬೀಳ್ತದೆ. ಆ ಹಣದಿಂದ ಅವರನ್ನು ಎತ್ತಿ ನಿಲ್ಲಿಸ್ತಾರೆ. ವ್ಯತ್ಯಾಸ ಇಷ್ಟೇ: ಮುಯ್ಯಿಯಲ್ಲಿ ಲೆಕ್ಕ ನಮ್ಮ ಕೈಲಿತ್ತು. ವಿಮೆಯಲ್ಲಿ ಲೆಕ್ಕ ಕಂಪನಿಯ ಕೈಗೆ ಹೋಯಿತು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಾನು ಹೇಳಬೇಕಾಗಿರೋದೆಲ್ಲ ಇದರ ಮೇಲೆಯೇ ನಿಂತಿದೆ.

ಲಾಭಕ್ಕಲ್ಲದೆ ಹೋರಾಟಕ್ಕೆ ನಿಂತ ಸಂಘಗಳಿಗೆ ಬೀಳುವ ಪೆಟ್ಟು ನಾಲ್ಕು ಬಗೆ. ಒಂದು, ವಾಹನ. ಸಮಾವೇಶಕ್ಕೆ ಜನರನ್ನು ಕರೆತರುವ ಗಾಡಿ ಪಲ್ಟಿ ಹೊಡೆದರೆ ಯಾರು ಹೊಣೆ? ಎರಡು, ಸಭೆ. ಶಾಮಿಯಾನ ಕುಸಿದು ದಾರಿಹೋಕನ ಕಾಲು ಮುರಿದರೆ ಯಾರು ಹೊಣೆ? ಮೂರು, ಪದಾಧಿಕಾರಿ. ಹಣದ ಲೆಕ್ಕ ಸರಿಯಿಲ್ಲ, ತೀರ್ಮಾನ ತಪ್ಪು ಅಂತ ಸಂಘದ ಸದಸ್ಯನೇ ಆಗಲಿ ಹೊರಗಿನವನೇ ಆಗಲಿ ಪದಾಧಿಕಾರಿಗಳ ಮೇಲೆ ಮೊಕದ್ದಮೆ ಹೂಡಿದರೆ ವಕೀಲರ ಫೀಜು ಯಾರ ಜೇಬಿನಿಂದ? ನಾಲ್ಕು, ಮಾತು. ವೇದಿಕೆ ಮೇಲೆ ಆಡಿದ ಮಾತಿಗೆ, ಕರಪತ್ರದಲ್ಲಿ ಅಚ್ಚು ಹಾಕಿಸಿದ ಮಾತಿಗೆ ಮಾನನಷ್ಟದ ದಾವೆ. ಈ ನಾಲ್ಕಕ್ಕೂ ಬೇರೆ ಬೇರೆ ಪಾಲಿಸಿಗಳಿವೆ. ಅಮೆರಿಕದಲ್ಲಿ ಈ ಜಾತಿಯ ವಿಮೆ ದೊಡ್ಡದಾಗಿ ಬೆಳೆದಿದೆ. ಅಲ್ಲಿ ಮಾತುಮಾತಿಗೂ ದಾವೆ. ಆದ್ದರಿಂದ ಅಲ್ಲಿನ ಚರಿತ್ರೆ ನೋಡಿದರೆ ನಮಗೆ ಪಾಠ ಸಿಗ್ತದೆ.

ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಅನ್ನೋ ಊರಿಗೆ ಹೋಗೋಣ. ಇಸವಿ 1955. ಅಲ್ಲಿನ ಬಸ್ಸುಗಳಲ್ಲಿ ಬಿಳಿಯರಿಗೆ ಮುಂದಿನ ಸೀಟು, ಕಪ್ಪು ಜನಕ್ಕೆ ಹಿಂದಿನ ಸೀಟು. ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಅನ್ನೋ ಹೆಣ್ಣುಮಗಳು ಬಿಳಿಯನಿಗೆ ಸೀಟು ಬಿಟ್ಟುಕೊಡೋದಿಲ್ಲ ಅಂದಳು. ಬಂಧಿಸಿದರು. ಡಿಸೆಂಬರ್ 5ರಿಂದ ಕಪ್ಪು ಜನ ಬಸ್ಸು ಹತ್ತೋದನ್ನೇ ನಿಲ್ಲಿಸಿದರು. ಅವತ್ತೇ ಒಂದು ಸಂಘ ಕಟ್ಟಿದರು. ಅಧ್ಯಕ್ಷ 26 ವರ್ಷದ ಪಾದ್ರಿ, ಮಾರ್ಟಿನ್ ಲೂಥರ್ ಕಿಂಗ್. ಈ ಕಥೆಯ ಇಷ್ಟು ಭಾಗ ನಮ್ಮ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ ಭಾಗ ಮುಂದಿದೆ.

ಬಸ್ಸು ಬಿಟ್ಟ ಜನ ಕೆಲಸಕ್ಕೆ ಹೋಗೋದು ಹೇಗೆ? ಮೊದಲು ಕಪ್ಪು ಜನದ ಟ್ಯಾಕ್ಸಿಯವರು ಬಸ್ಸಿನ ದರಕ್ಕೇ, ಹತ್ತು ಸೆಂಟಿಗೇ, ಕರೆದುಕೊಂಡು ಹೋದರು. ಊರಿನ ಆಡಳಿತ ಹಳೆಯ ಕಾನೂನು ತೆಗೆದು, ಟ್ಯಾಕ್ಸಿಗೆ 45 ಸೆಂಟಿಗಿಂತ ಕಡಿಮೆ ತೆಗೆದುಕೊಂಡರೆ ಅಪರಾಧ ಅಂತು. ಆಗ ಸಂಘದವರು ತಮ್ಮ ಸ್ವಂತ ಕಾರುಗಳನ್ನೇ ಹೊಂದಿಸಿದರು. ಸುಮಾರು 300 ಕಾರು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಎಲ್ಲಾ ಅಚ್ಚುಕಟ್ಟು. ಆಮೇಲೆ ದೇಣಿಗೆ ಹಣದಲ್ಲಿ ದೊಡ್ಡ ಗಾಡಿಗಳನ್ನೂ ಕೊಂಡು ಚರ್ಚುಗಳ ಹೆಸರಿಗೆ ನೋಂದಾಯಿಸಿದರು. ಜನ ಅವಕ್ಕೆ ಉರುಳುವ ಚರ್ಚು ಅಂತ ಹೆಸರಿಟ್ಟರು.

ಆಡಳಿತ ಏನು ಮಾಡಿತು ನೋಡಿ. ಪೊಲೀಸರನ್ನು ಬಿಟ್ಟರು, ಜನ ಜಗ್ಗಲಿಲ್ಲ. 1956ರ ಜನವರಿ 30ರಂದು ಕಿಂಗ್ ಮನೆಗೆ ಬಾಂಬ್ ಬಿತ್ತು, ಜನ ಜಗ್ಗಲಿಲ್ಲ. ಫೆಬ್ರವರಿಯಲ್ಲಿ ಸುಮಾರು 90 ಜನರ ಮೇಲೆ ಬಹಿಷ್ಕಾರದ ಕೇಸು ಹಾಕಿದರು, ಆಗಲೂ ಜಗ್ಗಲಿಲ್ಲ. ಆಮೇಲೆ ಊರಿನ ದೊಡ್ಡವರು ಸದ್ದಿಲ್ಲದ ಒಂದು ದಾರಿ ಹಿಡಿದರು. ವಿಮಾ ಕಂಪನಿಗಳ ಮೇಲೆ ಒತ್ತಡ ತಂದರು. ಚರ್ಚಿನ ಗಾಡಿಗಳ ಪಾಲಿಸಿಗಳು ಒಂದಾದ ಮೇಲೆ ಒಂದು ರದ್ದಾದವು. ಊರಿನ ಯಾವ ಏಜೆಂಟನೂ ಹೊಸ ಪಾಲಿಸಿ ಕೊಡಲು ತಯಾರಿಲ್ಲ.

ಲಾಠಿ ಇಲ್ಲ, ಗುಂಡು ಇಲ್ಲ, ಪತ್ರಿಕೆಯಲ್ಲಿ ಸುದ್ದಿ ಆಗೋದಿಲ್ಲ. ಒಂದು ಕಾಗದ ವಾಪಸ್ ತೆಗೆದುಕೊಂಡರೆ ಮುಗೀತು. ವಿಮೆ ಇಲ್ಲದ ಗಾಡಿ ಒಬ್ಬನಿಗೆ ಗುದ್ದಿದರೆ ಪರಿಹಾರಕ್ಕೆ ಚರ್ಚಿನ ಕಟ್ಟಡವೇ ಹೋಗಬೇಕು. ಗಾಡಿ ನಿಂತರೆ ಜನ ಬಸ್ಸು ಹತ್ತಬೇಕು. ಬಸ್ಸು ಹತ್ತಿದರೆ ಚಳುವಳಿ ಸತ್ತಿತು.

ಕಿಂಗ್ ಏನು ಮಾಡಿದರು? ಪಕ್ಕದ ರಾಜ್ಯದ ಅಟ್ಲಾಂಟಾದಲ್ಲಿ ಟಿ.ಎಂ. ಅಲೆಗ್ಸಾಂಡರ್ ಅನ್ನೋ ಕಪ್ಪು ಜನಾಂಗದ ವಿಮಾ ದಲ್ಲಾಳಿ ಇದ್ದರು. ಅವರ ಮೂಲಕ ಸಮುದ್ರದಾಚೆಯ ಲಂಡನ್ನಿನ ಲಾಯ್ಡ್ಸ್‌ನಿಂದ ಪಾಲಿಸಿ ತರಿಸಿದರು. ಅಲಬಾಮಾದ ದೊಡ್ಡವರ ಕೈ ಲಂಡನ್ನಿಗೆ ಮುಟ್ಟಲಿಲ್ಲ. ಗಾಡಿ ಮತ್ತೆ ಓಡಿದವು.

ಆಡಳಿತ ಅಲ್ಲಿಗೂ ಬಿಡಲಿಲ್ಲ. ಈ ಗಾಡಿ ವ್ಯವಸ್ಥೆಯೇ ಲೈಸೆನ್ಸ್ ಇಲ್ಲದ ದಂಧೆ ಅಂತ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಿತು. 1956ರ ನವೆಂಬರ್ 13ರಂದು ತಡೆಯಾಜ್ಞೆ ಸಿಕ್ಕಿತು. ಆದರೆ ಅದೇ ದಿನ ಬಸ್ಸಿನೊಳಗಿನ ಭೇದ ಸಂವಿಧಾನ ವಿರೋಧಿ ಅನ್ನೋ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆ ಆದೇಶ ಊರಿಗೆ ತಲುಪುವ ತನಕ ಇನ್ನೂ ಒಂದು ತಿಂಗಳು ಗಾಡಿ ವ್ಯವಸ್ಥೆ ಇಲ್ಲದೆ ಜನ ನಡೆದರು, ಅವರಿವರ ಗಾಡಿ ಹತ್ತಿದರು. ಡಿಸೆಂಬರ್ 20ಕ್ಕೆ ಬಹಿಷ್ಕಾರ ಮುಗಿಯಿತು. ಒಟ್ಟು 381 ದಿವಸ.

ಇದರಲ್ಲಿ ನಾವು ಕಲಿಯಬೇಕಾದ್ದು ಏನು? ಜನರ ಧೈರ್ಯ ಒಂದು ಕಡೆ. ಆ ಧೈರ್ಯ ಉರುಳೋದಕ್ಕೆ ಗಾಡಿ ಬೇಕು, ಗಾಡಿಗೆ ಪಾಲಿಸಿ ಬೇಕು, ಪಾಲಿಸಿ ಎದುರಾಳಿಯ ಸ್ನೇಹಿತನ ಕೈಲಿ ಇರಬಾರದು.

ಇದು ಎಪ್ಪತ್ತು ವರ್ಷದ ಹಿಂದಿನ ಮಾತು ಅಂತ ತಳ್ಳಿಹಾಕಬೇಡಿ. ನಿನ್ನೆ ಮೊನ್ನೆಯ ಇನ್ನೊಂದು ಪ್ರಕರಣ ಕೇಳಿ. ಅಮೆರಿಕದಲ್ಲಿ ರಾಷ್ಟ್ರೀಯ ರೈಫಲ್ ಸಂಘ ಅಂತ ಇದೆ. ಬಂದೂಕು ಇಟ್ಟುಕೊಳ್ಳೋ ಹಕ್ಕಿಗಾಗಿ ಹೋರಾಡುವ ಸಂಘ. ಅದರ ಧೋರಣೆ ನಮಗೆ ಒಪ್ಪಿಗೆ ಆಗಬೇಕಾಗಿಲ್ಲ. ಅದು ತನ್ನ ಸದಸ್ಯರಿಗೆ ಮಾರಿಸುತ್ತಿದ್ದ ಒಂದು ವಿಮೆ ಕಾನೂನಿಗೆ ವಿರುದ್ಧ ಅಂತ ಆ ವಿಮೆಯ ಹಿಂದಿದ್ದ ಕಂಪನಿಗಳೇ ಒಪ್ಪಿಕೊಂಡು ದಂಡ ಕಟ್ಟಿದ್ದವು. ಆ ತಪ್ಪು ತಪ್ಪೇ. ಆದರೆ 2018ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ವಿಮಾ ಕಂಪನಿಗಳ ಮೇಲೆ ಉಸ್ತುವಾರಿ ಮಾಡುವ ಅಧಿಕಾರಿಯೇ, ಈ ಸಂಘದ ಸಹವಾಸ ಬಿಡುವುದು ಒಳ್ಳೆಯದು ಅಂತ ಕಂಪನಿಗಳಿಗೆ ಸೂಚನಾಪತ್ರ ಕಳಿಸಿದರು. ಲಾಯ್ಡ್ಸ್ ಕೂಡ ಸಂಬಂಧ ಕಡಿದುಕೊಂಡಿತು. ಹೌದು, 1956ರಲ್ಲಿ ಕಿಂಗ್ ಅವರ ಗಾಡಿಗಳಿಗೆ ಪಾಲಿಸಿ ಕೊಟ್ಟ ಅದೇ ಲಾಯ್ಡ್ಸ್. ತನಗೆ ಮಾಮೂಲಿ ವಿಮೆಯೂ ಸಿಗದ ಹಾಗೆ ಮಾಡಿದರು ಅಂತ ಸಂಘ ಕೋರ್ಟಿಗೆ ಹೋಯಿತು. 2024ರ ಮೇ 30ರಂದು ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಒಂದೇ ಮಾತು ಹೇಳಿದರು: ಸಂಘದ ಅಭಿಪ್ರಾಯಕ್ಕೆ ಶಿಕ್ಷೆ ಕೊಡಲು ಸರ್ಕಾರದ ಅಧಿಕಾರಿ ವಿಮಾ ಕಂಪನಿಗಳನ್ನು ಬೆದರಿಸಿದ್ದು ನಿಜವಾದರೆ ಅದು ವಾಕ್ ಸ್ವಾತಂತ್ರ್ಯದ ಉಲ್ಲಂಘನೆ. 2025ರಲ್ಲಿ ಮೇಲ್ಮನವಿ ಕೋರ್ಟು ಆ ಅಧಿಕಾರಿ ವೈಯಕ್ತಿಕವಾಗಿ ಪರಿಹಾರ ಕೊಡಬೇಕಾಗಿಲ್ಲ ಅಂತು. ಅಂದರೆ ತತ್ವ ಗೆದ್ದಿತು, ಹಣ ಬರಲಿಲ್ಲ. ಆರು ವರ್ಷ ಕಳೆದ ಮೇಲೆ ಸಿಗುವ ನ್ಯಾಯ ನಂಬಿಕೊಂಡು ನಮ್ಮಂಥ ಬಡ ಸಂಘ ಬದುಕೋದಿಲ್ಲ.

ಹಾಗಾದರೆ ಪಾಲಿಸಿ ಒಂದು ಇದ್ದರೆ ಸಾಕೇ? ಸಾಲದು. ವಿಮೆ ಎಲ್ಲಿ ಕೈಬಿಡ್ತದೆ ಅನ್ನೋದೂ ಗೊತ್ತಿರಬೇಕು.

ಮಿಸಿಸಿಪ್ಪಿ ರಾಜ್ಯದ ಪೋರ್ಟ್ ಗಿಬ್ಸನ್ ಅನ್ನೋ ಸಣ್ಣ ಊರು. 1966ರ ಏಪ್ರಿಲ್ 1ರಿಂದ ಕಪ್ಪು ಜನ ಬಿಳಿಯರ ಅಂಗಡಿಗಳಲ್ಲಿ ಸಾಮಾನು ಕೊಳ್ಳೋದು ನಿಲ್ಲಿಸಿದರು. 1969ರಲ್ಲಿ ಅಂಗಡಿಯವರು ತಮಗೆ ವ್ಯಾಪಾರ ನಷ್ಟವಾಯಿತು ಅಂತ ಕಪ್ಪು ಜನರ ರಾಷ್ಟ್ರೀಯ ಸಂಘದ ಮೇಲೂ ನೂರಕ್ಕೂ ಹೆಚ್ಚು ವ್ಯಕ್ತಿಗಳ ಮೇಲೂ ದಾವೆ ಹಾಕಿದರು. 1976ರಲ್ಲಿ ಕೆಳಕೋರ್ಟು ಹನ್ನೆರಡೂವರೆ ಲಕ್ಷ ಡಾಲರ್ ಕಟ್ಟಿ ಅಂತ ತೀರ್ಪು ಕೊಟ್ಟಿತು. ಮೇಲ್ಮನವಿ ಮುಗಿಯುವ ತನಕ ವಸೂಲಿ ನಿಲ್ಲಬೇಕಾದರೆ ಆ ಮೊತ್ತದ ಒಂದೂಕಾಲು ಪಾಲಿಗೆ ಭದ್ರತೆ ಇಡಬೇಕು ಅಂತ ಅಲ್ಲಿನ ಕಾನೂನು. ಗೆದ್ದರೂ ಸೋತರೂ ಮೊದಲು ಹಣ ತಾ ಅಂದ ಹಾಗೆ. 1982ರ ಜುಲೈ 2ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ಹೊಡೆದುಹಾಕಿತು. ಶಾಂತಿಯಿಂದ ಬಹಿಷ್ಕಾರ ಮಾಡೋದು ಹಕ್ಕು, ಹಿಂಸೆ ಮಾಡಿದವನು ಆ ಹಿಂಸೆಯ ನಷ್ಟಕ್ಕೆ ಮಾತ್ರ ಹೊಣೆ, ಸಂಘದ ಸದಸ್ಯ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಹೊಣೆ ಮಾಡುವಂತಿಲ್ಲ ಅಂತು. ದಾವೆಯಿಂದ ತೀರ್ಪಿನವರೆಗೆ 13 ವರ್ಷ!

ಇಂಥ ದಾವೆಗೆ ವಿಮೆ ಬರ್ತದೆಯೇ? ಬಹಳ ಮಟ್ಟಿಗೆ ಬರೋದಿಲ್ಲ. ಹೊಣೆಗಾರಿಕೆ ವಿಮೆ ಇರೋದು ಆಕಸ್ಮಿಕಕ್ಕೆ. ಬೇಕೆಂದೇ ಮಾಡಿದ ಕೆಲಸಕ್ಕೆ, ಕ್ರಿಮಿನಲ್ ದಂಡಕ್ಕೆ ಸಾಮಾನ್ಯವಾಗಿ ಇಲ್ಲ. ಬಹಿಷ್ಕಾರ ಅನ್ನೋದು ಬೇಕೆಂದೇ ಮಾಡೋದು. ಆದರೂ ಒಂದು ಅಂಶ ಇದೆ. ಒಳ್ಳೆಯ ಪಾಲಿಸಿಯಲ್ಲಿ ಪರಿಹಾರಕ್ಕಿಂತ ಮುಖ್ಯವಾದದ್ದು ವಕೀಲರ ಖರ್ಚು. ಆರೋಪ ಸುಳ್ಳಾಗಿದ್ದರೂ ಕೋರ್ಟಿನಲ್ಲಿ ನಿಲ್ಲಲೇಬೇಕಲ್ಲ. ಆ ಖರ್ಚನ್ನು ಕಂಪನಿ ಹೊರ್ತದೆಯೋ ಇಲ್ಲವೋ, ಎಲ್ಲಿಯ ತನಕ ಹೊರ್ತದೆ, ಅದನ್ನು ಪಾಲಿಸಿಯಲ್ಲಿ ಹುಡುಕಿ ಓದಬೇಕು.

ಈಗಿನ ಕಾಲದ ಮೊತ್ತ ಕೇಳಿದರೆ ತಲೆ ತಿರುಗ್ತದೆ. ಉತ್ತರ ಡಕೋಟಾದಲ್ಲಿ 2016-17ರಲ್ಲಿ ತೈಲದ ಕೊಳವೆ ಮಾರ್ಗದ ವಿರುದ್ಧ ಸ್ಟ್ಯಾಂಡಿಂಗ್ ರಾಕ್‌ನ ಮೂಲನಿವಾಸಿಗಳು ತಮ್ಮ ನೀರಿಗಾಗಿ ಹೋರಾಡಿದರು. ಆ ಹೋರಾಟಕ್ಕೆ ಬೆಂಬಲ ಕೊಟ್ಟ ಗ್ರೀನ್‌ಪೀಸ್ ಸಂಘದ ಮೇಲೆ ಎನರ್ಜಿ ಟ್ರಾನ್ಸ್‌ಫರ್ ಕಂಪನಿ ದಾವೆ ಹಾಕಿತು. 2025ರ ಮಾರ್ಚ್ 19ರಂದು ಜ್ಯೂರಿ 66 ಕೋಟಿ ಡಾಲರ್‌ಗೂ ಮೇಲೆ ಕಟ್ಟಬೇಕು ಅಂತು. ಅಕ್ಟೋಬರಿನಲ್ಲಿ ನ್ಯಾಯಾಧೀಶರು ಅದನ್ನು ಸುಮಾರು 34.5 ಕೋಟಿ ಡಾಲರ್‌ಗೆ ಇಳಿಸಿದರು. ಈ ಮೊತ್ತಕ್ಕೆ ಯಾವ ಸಂಘದ ಪಾಲಿಸಿಯೂ ಸಾಕಾಗೋದಿಲ್ಲ. ಬಾಯಿ ಮುಚ್ಚಿಸೋದಕ್ಕೆ ಹಾಕುವ ಇಂಥ ದಾವೆಗಳನ್ನು ಮೊದಲ ಹಂತದಲ್ಲೇ ವಜಾ ಮಾಡುವ ಕಾನೂನು ಅಮೆರಿಕದ ಬಹಳ ರಾಜ್ಯಗಳಲ್ಲಿದೆ, ಉತ್ತರ ಡಕೋಟಾದಲ್ಲಿ ಇರಲಿಲ್ಲ. ಯುರೋಪಿನ ಒಕ್ಕೂಟ 2024ರಲ್ಲಿ ಅಂಥ ನಿರ್ದೇಶನ ತಂದಿತು. ನಮ್ಮ ದೇಶದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. ಅದನ್ನು ಕೇಳೋದು ಕೂಡ ನಮ್ಮ ಬೇಡಿಕೆ ಪಟ್ಟಿಯಲ್ಲಿ ಇರಬೇಕು. ವಿಮೆ ಮುಟ್ಟದ ಕಡೆ ಕಾನೂನು ಬೇಕು.

ಈಗ ಭರವಸೆಯ ಒಂದು ಮಾತು. 1980ರ ದಶಕದ ನಡುವಿನಲ್ಲಿ ಅಮೆರಿಕದ ವಿಮಾ ಕಂಪನಿಗಳು ಹೊಣೆಗಾರಿಕೆ ವಿಮೆಯ ಕಂತನ್ನು ಮನಸ್ಸಿಗೆ ಬಂದ ಹಾಗೆ ಏರಿಸಿದವು. ಶಿಶುವಿಹಾರ ನಡೆಸುವವರು, ಅನಾಥರನ್ನು ಸಾಕುವವರು, ಊರಿನ ಸಣ್ಣ ಸಣ್ಣ ಸೇವಾ ಸಂಘಗಳು, ಒಂದು ಕ್ಲೇಮೂ ಮಾಡದವರು ಸಹ, ನವೀಕರಣದ ದಿನ ನಿಮಗೆ ಪಾಲಿಸಿ ಇಲ್ಲ ಅನ್ನೋ ಪತ್ರ ನೋಡಿದರು. ಸಣ್ಣ ಗಿರಾಕಿಯನ್ನು ಕೈಬಿಡೋದು ಕಂಪನಿಗೆ ಸುಲಭ. ಮಾರುಕಟ್ಟೆಯಲ್ಲಿ ಸುಗ್ಗಿಯ ಹೊತ್ತಿಗೆ ಖರೀದಿದಾರ ಮಾಯ ಆಗೋದು ನಿಮಗೆ ಗೊತ್ತಲ್ಲ, ಅದೇ ರೀತಿ.

ಆಗ ಕ್ಯಾಲಿಫೋರ್ನಿಯಾದ ಸೇವಾ ಸಂಘಗಳು ಬೇಡುತ್ತಾ ಕೂರಲಿಲ್ಲ. ತಾವೇ ಕೂಡಿ ಒಂದು ನಿಧಿ ಮಾಡಿಕೊಂಡವು. ಧರ್ಮಸಂಸ್ಥೆಗಳಿಂದ ಸಾಲ ಎತ್ತಿ ಮೂಲಧನ ಹೊಂದಿಸಿಕೊಂಡು 1989ರಲ್ಲಿ ತಮ್ಮದೇ ವಿಮಾ ಒಕ್ಕೂಟ ಶುರು ಮಾಡಿದವು. ಲಾಭ ತಿನ್ನುವ ಷೇರುದಾರ ಅಲ್ಲಿ ಇಲ್ಲ. ಒಕ್ಕೂಟವೂ ಲಾಭರಹಿತ, ಸದಸ್ಯರೂ ಲಾಭರಹಿತ ಸಂಘಗಳೇ. ಇವತ್ತು ಅಮೆರಿಕದ ಹಲವು ರಾಜ್ಯಗಳ ಸಾವಿರಾರು ಸಂಘಗಳು ಅದರಲ್ಲಿವೆ. ಹನಿಗೂಡಿ ಹಳ್ಳ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಮುಯ್ಯಿಯ ಲೆಕ್ಕ ಮತ್ತೆ ಅವರ ಕೈಗೇ ಬಂತು.

ಇದು ನಮ್ಮವರಿಗೆ ಆಗದ ಕೆಲಸವೇನಲ್ಲ. ನಮ್ಮ ರಾಜ್ಯದ ಸಹಕಾರಿ ಸಂಘಗಳ ರೈತರಿಗಾಗಿ 2003ರಲ್ಲಿ ಯಶಸ್ವಿನಿ ಶುರುವಾದಾಗ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು ರೂಪಾಯಿ ಕಟ್ಟಿ ಲಕ್ಷಾಂತರ ಜನ ಸೇರಿದರು. ಸರ್ಕಾರದ ನೆರವಿತ್ತು, ಒಪ್ಪೋಣ. 2018ರಲ್ಲಿ ಅದನ್ನು ಬೇರೆ ಯೋಜನೆಯಲ್ಲಿ ಕರಗಿಸಿದರು, ಮತ್ತೆ 2022ರಲ್ಲಿ ಎಬ್ಬಿಸಿದರು. ಸರ್ಕಾರದ ಕೈಲಿರೋದು ಸರ್ಕಾರದ ಇಷ್ಟದಂತೆ ಮಲಗ್ತದೆ, ಏಳ್ತದೆ. ಆದರೆ ಸಣ್ಣ ಕಂತಿನಿಂದ ದೊಡ್ಡ ನಿಧಿ ಆಗ್ತದೆ ಅನ್ನೋದು ಸಾಬೀತಾಯಿತು.

ಮುಂಬಯಿಯ ಕಿಂಗ್ಸ್ ಸರ್ಕಲ್‌ನಲ್ಲಿ ಗಣಪತಿ ಕೂರಿಸುವ ಜಿ.ಎಸ್.ಬಿ. ಸೇವಾ ಮಂಡಲದವರು 2022ರ ಹಬ್ಬಕ್ಕೆ 316 ಕೋಟಿ ರೂಪಾಯಿಯ ವಿಮೆ ಮಾಡಿಸಿದರು. ಒಡವೆಗೆ ಇಷ್ಟೊಂದೇ ಅಂತ ಬೆರಗಾಗಬೇಡಿ. ಅದರಲ್ಲಿ ದೊಡ್ಡ ಪಾಲು ಸ್ವಯಂಸೇವಕರು, ಅರ್ಚಕರು, ಅಡುಗೆಯವರು, ಕಾವಲಿನವರ ಅಪಘಾತ ವಿಮೆಗೆ. ನೋಡೋದಕ್ಕೆ ಬರುವ ಸಾರ್ವಜನಿಕರಿಗೆ ಏನಾದರೂ ಆದರೆ ಅಂತ ಇನ್ನೊಂದು ಭಾಗ. ಐದು ದಿನದ ಉತ್ಸವಕ್ಕೆ ಇಷ್ಟು ಮುಂಜಾಗ್ರತೆ. ನಮ್ಮ ಸಮಾವೇಶಕ್ಕೆ ಬರುವ ರೈತನ ಜೀವ ಅಷ್ಟು ಅಗ್ಗವೇ?

ಈಗ ನಮ್ಮ ಊರಿಗೆ ಬರೋಣ. ನಾಳೆ ಬೆಳಿಗ್ಗೆಯಿಂದ ಮಾಡಬಹುದಾದ ಕೆಲಸ ಹೇಳ್ತೀನಿ.

ಮೊದಲನೆಯದು ಟ್ರ್ಯಾಕ್ಟರು. ರ್‍ಯಾಲಿ ಅಂದ ಕೂಡಲೇ ಟ್ರೇಲರಿಗೆ ಮೂವತ್ತು ಜನ ತುಂಬಿಕೊಂಡು ಹೊರಡ್ತೀವಿ. ನಿಮ್ಮ ಟ್ರ್ಯಾಕ್ಟರಿನ ಪಾಲಿಸಿ ತೆಗೆದು ಓದಿ. ಅದು ಕೃಷಿ ಕೆಲಸಕ್ಕೆ ಕೊಟ್ಟ ಪಾಲಿಸಿ. ಟ್ರೇಲರಿನಲ್ಲಿ ಕೂತವರು ಅದರ ರಕ್ಷಣೆಗೆ ಒಳಪಡೋದಿಲ್ಲ. ತರಕಾರಿ ಸಮೇತ ಟ್ರೇಲರಿನಲ್ಲಿ ಸಂತೆಗೆ ಹೊರಟಿದ್ದ ಒಬ್ಬ ಬಡಪಾಯಿ ಸತ್ತ ಪ್ರಕರಣದಲ್ಲಿ, ಅದು ಕೃಷಿ ಕೆಲಸವಲ್ಲ, ವಿಮಾ ಕಂಪನಿ ಹೊಣೆಯಲ್ಲ ಅಂತ 2004ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಕೆಲವು ಪ್ರಕರಣಗಳಲ್ಲಿ ಕಂಪನಿಯೇ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಅಂತ ಆದೇಶ ಆಗ್ತದೆ. ಮಾಲೀಕ ಅಂದರೆ ಯಾರು? ನೀವು. ಸಂಘದ ಮೇಲಿನ ಪ್ರೀತಿಗೆ ಟ್ರ್ಯಾಕ್ಟರ್ ಕೊಟ್ಟ ರೈತ ಜಮೀನು ಕಳೆದುಕೊಳ್ಳಬಾರದು. ಜನರನ್ನು ಕರೆತರಲು ಪರ್ಮಿಟ್ ಇರುವ ಬಸ್ಸು ಹಿಡಿಯಿರಿ. ಖರ್ಚು ಹೆಚ್ಚು, ನಿಜ. ಒಂದು ಡಿಕ್ರಿಗಿಂತ ಕಡಿಮೆ.

ಎರಡನೆಯದು ನೋಂದಣಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಲ್ಲಿ ಸಂಘವನ್ನು ನೋಂದಾಯಿಸಿ, ವರ್ಷ ವರ್ಷ ಲೆಕ್ಕಪತ್ರ ಸಲ್ಲಿಸಿ. ನೋಂದಣಿ ಇಲ್ಲದ ಸಂಘಕ್ಕೆ ಪಾಲಿಸಿ ಕೊಡುವವರಿಲ್ಲ.

ಮೂರನೆಯದು ನಡಾವಳಿ ಪುಸ್ತಕ. 2009ರಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿದೆ. ಪ್ರತಿಭಟನೆಯಲ್ಲಿ ಆಸ್ತಿಪಾಸ್ತಿ ನಾಶವಾದರೆ ನಾಶ ಮಾಡಿದವರ ಜೊತೆಗೆ ಸಂಘಟಕರೂ ನಷ್ಟ ಕಟ್ಟಿಕೊಡಬೇಕು. ಇದಕ್ಕೆ ವಿಮೆ ಕಾಯೋದಿಲ್ಲ. ಕಾಯೋದು ಶಿಸ್ತು. ಪ್ರತಿಭಟನೆ ಶಾಂತಿಯುತ ಅಂತ ಠರಾವು ಮಾಡಿ ಬರೆದಿಡಿ. ಸ್ವಯಂಸೇವಕರ ಪಟ್ಟಿ ಇಡಿ. ಗುಂಪಿನಲ್ಲಿ ಕಲ್ಲು ಎತ್ತಿದವನನ್ನು ಅಲ್ಲೇ ಹಿಡಿದು ನಿಲ್ಲಿಸಿ. ಪೋರ್ಟ್ ಗಿಬ್ಸನ್ನಿನ ತೀರ್ಪೂ ಹೇಳಿದ್ದು ಇದನ್ನೇ: ಸಂಘ ಒಪ್ಪಿ ಮಾಡಿಸಿದ್ದು ಯಾವುದು, ಒಪ್ಪದ್ದು ಯಾವುದು ಅನ್ನೋದು ಕೋರ್ಟಿಗೆ ಕಾಣಬೇಕು.

ನಾಲ್ಕನೆಯದು ಜೀವ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ ಕಂತು. 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸತ್ತರೆ ಎರಡು ಲಕ್ಷ. ಬ್ಯಾಂಕ್ ಖಾತೆ ಇರುವ ಯಾರಾದರೂ ಸೇರಬಹುದು. ಇದು ದೊಡ್ಡ ಮೊತ್ತವಲ್ಲ. ಆದರೆ ಸಂಘದ ಪ್ರತಿ ಸದಸ್ಯನೂ ಇದರಲ್ಲಿ ಇರಲಿ, ಗ್ರಾಮ ಘಟಕದ ಕಾರ್ಯದರ್ಶಿ ಪಟ್ಟಿ ಮಾಡಿ ನೋಡಿಕೊಳ್ಳಲಿ.

ಐದನೆಯದು ಪಾಲಿಸಿ. ದೊಡ್ಡ ಸಮಾವೇಶಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿ, ಸ್ವಯಂಸೇವಕರಿಗೆ ಗುಂಪು ಅಪಘಾತ ಪಾಲಿಸಿ, ಪದಾಧಿಕಾರಿಗಳಿಗೆ ಹೊಣೆಗಾರಿಕೆಯ ಪಾಲಿಸಿ ನಮ್ಮ ದೇಶದಲ್ಲೂ ಇವೆ. ಒಂದು ತಾಲ್ಲೂಕು ಘಟಕ ಹೋಗಿ ಕೇಳಿದರೆ ಬೆಲೆ ಹೆಚ್ಚು ಹೇಳ್ತಾರೆ. ಹತ್ತು ಸಂಘ ಒಟ್ಟಿಗೆ ಹೋಗಿ ಕೇಳಿ. ಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ. ವಕೀಲರ ಖರ್ಚು ಯಾರು ಕೊಡ್ತಾರೆ? ಯಾವುದಕ್ಕೆಲ್ಲ ಈ ಪಾಲಿಸಿ ಅನ್ವಯಿಸೋದಿಲ್ಲ? ದಾವೆಯ ನೋಟೀಸು ಬಂದರೆ ಎಷ್ಟು ದಿನದೊಳಗೆ ಕಂಪನಿಗೆ ತಿಳಿಸಬೇಕು? ಪದಾಧಿಕಾರಿಗಳ ಪಾಲಿಸಿ ಜಾರಿಯಲ್ಲಿರುವಾಗಲೇ ದಾವೆಯ ವಿಷಯ ತಿಳಿಸದಿದ್ದರೆ ವರ್ಷಗಟ್ಟಲೆ ಕಂತು ಕಟ್ಟಿದ್ದೂ ನೀರಿಗೆ ಹೋಗ್ತದೆ. ಉತ್ತರವನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳಬೇಡಿ, ಬರಹದಲ್ಲಿ ತೆಗೆದುಕೊಳ್ಳಿ.

ಕೊನೆಯದು ನಮ್ಮದೇ ನಿಧಿ. ಪಾಲಿಸಿ ಮುಟ್ಟದ ಜಾಗಕ್ಕೆ, ಪಾಲಿಸಿ ರದ್ದಾದ ದಿನಕ್ಕೆ, ಪ್ರತಿ ಸದಸ್ಯ ವರ್ಷಕ್ಕೆ ಐವತ್ತು ರೂಪಾಯಿ ಕಾನೂನು ನಿಧಿಗೆ ಹಾಕಲಿ. ಸಾವಿರ ಸದಸ್ಯರಿದ್ದರೆ ಐವತ್ತು ಸಾವಿರ. ಹತ್ತು ತಾಲ್ಲೂಕು ಕೂಡಿದರೆ ಐದು ಲಕ್ಷ. ಅದನ್ನು ಪ್ರತ್ಯೇಕ ಖಾತೆಯಲ್ಲಿಡಿ, ಚುನಾವಣೆಗೂ ಊಟಕ್ಕೂ ಮುಟ್ಟಬೇಡಿ, ಲೆಕ್ಕ ವರ್ಷಕ್ಕೊಮ್ಮೆ ಸಭೆಯ ಮುಂದೆ ಓದಿ ಹೇಳಿ. ಇದು ಕಾನೂನಿನ ಅರ್ಥದಲ್ಲಿ ವಿಮೆಯಲ್ಲ. ಕಾನೂನಿನ ವಿಮೆ ನಡೆಸಲು ಬೇರೆ ಪರವಾನಗಿ ಬೇಕು. ಇದು ನಮ್ಮ ಹಳೆಯ ಮುಯ್ಯಿ.

ಬಂಧುಗಳೇ, ಬಾಯಾರಿದಾಗ ಬಾವಿ ತೋಡಲು ಹೋಗಬೇಡಿ. ಮಾಂಟ್‌ಗೊಮರಿಯ ಜನಕ್ಕೆ ಪಾಲಿಸಿ ರದ್ದಾದ ಮೇಲೆ ಲಂಡನ್ನಿನ ದಾರಿ ತೋರಿಸಲು ಒಬ್ಬ ದಲ್ಲಾಳಿ ಇದ್ದರು. ನಮಗೆ ಅಂಥವರು ಸಿಕ್ಕೇ ಸಿಗ್ತಾರೆ ಅಂತ ನಂಬಿ ಕೂರುವ ಹಾಗಿಲ್ಲ. ಬರುವ ತಿಂಗಳ ಸಭೆಗೆ ಪ್ರತಿಯೊಬ್ಬರೂ ನಿಮ್ಮ ಟ್ರ್ಯಾಕ್ಟರಿನ ಪಾಲಿಸಿ ಕಾಗದ ತನ್ನಿ, ಕಾರ್ಯದರ್ಶಿ ಸಂಘದ ನೋಂದಣಿ ಪತ್ರ ತರಲಿ. ಎಲ್ಲರ ಎದುರಿಗೆ ಸಾಲು ಸಾಲಾಗಿ ಓದೋಣ. ಅರ್ಥವಾಗದ್ದನ್ನು ತಾಲ್ಲೂಕಿನ ವಕೀಲರನ್ನು ಕರೆಸಿ ಕೇಳೋಣ. ಮುಂದಿನ ಹೋರಾಟದ ದಿನಾಂಕ ಗೊತ್ತು ಮಾಡೋದು ಅದಾದ ಮೇಲೆ.